ಕಳುಹಿಸುವ ಸಭೆ ಬರಮಾಡಿಕೊಳ್ಳಲು ಕಲಿಯುವುದೆಂದು?



ಅಪೊಸ್ತಲರ ಕೃತ್ಯಗಳು ಗ್ರಂಥದ 13ನೆಯ ಅಧ್ಯಾಯವನ್ನು ನಾವೆಲ್ಲರೂ ಬಲ್ಲೆವು. ಮಿಶನ್ ಭಾನುವಾರ ಬಂತೆಂದರೆ ಅದೇ ಪಾಠ, ಅದೇ ಪ್ರಸಂಗ. ಅಂತಿಯೋಕ್ಯದ ಸಭೆಯವರು ಉಪವಾಸವಿದ್ದು ಪ್ರಾರ್ಥಿಸಿ, ಬಾರ್ನಬ ಸೌಲರ ಮೇಲೆ ಹಸ್ತಗಳನ್ನಿಟ್ಟು ಅವರನ್ನು ದೂರದ ಸೇವೆಗೆ ಒಪ್ಪಿಸಿಕೊಟ್ಟ ದೃಶ್ಯವು ನಮ್ಮ ಕಣ್ಣಿಗೆ ಕಟ್ಟಿದೆ. ಆದರೆ ಮರು ಅಧ್ಯಾಯದ ಕೊನೆಯ ಮೂರು ವಚನಗಳ ಮೇಲೆ ಪ್ರಸಂಗವನ್ನು ನಿಮ್ಮಲ್ಲಿ ಎಷ್ಟು ಮಂದಿ ಕೇಳಿದ್ದೀರಿ? ಅದೇ ಇಬ್ಬರು ಸೇವಕರು, ಅವರಲ್ಲಿ ಪೌಲನು ಲುಸ್ತ್ರದಲ್ಲಿ ಕಲ್ಲೇಟು ತಿಂದ ದೇಹದೊಡನೆ, ಹಡಗು ಹತ್ತಿ ತಮ್ಮನ್ನು ಕಳುಹಿಸಿದ ಸಭೆಗೆ ಹಿಂದಿರುಗುತ್ತಾರೆ. ಅಲ್ಲಿ ನಡೆದ ಮೂರು ಸಂಗತಿಗಳನ್ನು ಲೂಕನು ದಾಖಲಿಸುತ್ತಾನೆ. ಸಭೆಯು ಒಟ್ಟುಗೂಡಿತು. ಹೋದವರು ತಮ್ಮ ಮೂಲಕ ದೇವರು ನಡೆಸಿದ್ದನ್ನೆಲ್ಲ ವಿವರಿಸಿದರು. ಅನಂತರ ಅವರು ಶಿಷ್ಯರ ನಡುವೆ ದೀರ್ಘಕಾಲ ಉಳಿದರು.

ನಮ್ಮ ಸಭೆಗಳು 13ನೆಯ ಅಧ್ಯಾಯದಲ್ಲಿಯೇ ನಿಂತುಬಿಟ್ಟಿವೆ ಎಂಬುದು ಈ ಲೇಖನದ ಆಪಾದನೆ. ಕಳುಹಿಸುವುದನ್ನು ನಾವು ಆರಾಧನೆಯೆಂದು ತಿಳಿದಿದ್ದೇವೆ. ಬರಮಾಡಿಕೊಳ್ಳುವುದನ್ನು ಆ ಕುಟುಂಬದ ಖಾಸಗಿ ವ್ಯವಹಾರವೆಂದು ಬಿಟ್ಟಿದ್ದೇವೆ. ಹೋದವರನ್ನು ಬರಮಾಡಿಕೊಳ್ಳಲು ಸಿದ್ಧವಿಲ್ಲದ ಸಭೆಗೆ ಮತ್ತೊಂದು ಕುಟುಂಬವನ್ನು ಕಳುಹಿಸುವ ಅಧಿಕಾರವಿದೆಯೇ ಎಂದು ನಿಮ್ಮನ್ನು ನೇರವಾಗಿ ಕೇಳಬೇಕಾಗಿದೆ.

ಎರಡು ಭಾನುವಾರಗಳು

ನಮ್ಮ ನಾಡಿಗೆ ಮಿಶನರಿಗಳು ಬಂದ ಕಥೆ ನಮಗೆ ಬಾಯಿಪಾಠ. 1810ರಲ್ಲಿ ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದರು. 1834ರಲ್ಲಿ ಬಾಸೆಲ್ ಮಿಶನ್ನಿನ ಹೆಬಿಕ್, ಲೆಹ್ನರ್, ಗ್ರೈನರ್ ಮಂಗಳೂರಿಗೆ ಬಂದರು. ಅಂದು ದಾರಿ ಒಮ್ಮುಖವಾಗಿತ್ತು. ಈಗ ಹಾಗಿಲ್ಲ. ಲಂಡನ್ ಮಿಶನ್ನಿನ ಉತ್ತರಾಧಿಕಾರಿಯಾದ ಕೌನ್ಸಿಲ್ ಫಾರ್ ವರ್ಲ್ಡ್ ಮಿಶನ್ 1977ರಲ್ಲಿ ತನ್ನ ರಚನೆಯನ್ನೇ ಬದಲಿಸಿ, ಕೊಡುವ ಸಭೆ ಮತ್ತು ಪಡೆಯುವ ಸಭೆ ಎಂಬ ಭೇದವನ್ನು ತೆಗೆದು, ಎಲ್ಲ ಸಭೆಗಳೂ ಕೊಡುತ್ತವೆ, ಎಲ್ಲವೂ ಪಡೆಯುತ್ತವೆ ಎಂಬ ತತ್ತ್ವವನ್ನು ಅಂಗೀಕರಿಸಿತು. ಒಮ್ಮೆ ನಮಗೆ ಮಿಶನರಿಗಳನ್ನು ಕಳುಹಿಸಿದ ದೇಶಗಳಿಗೆ ಈಗ ಭಾರತದ ಸಭಾಪಾಲಕರೂ ಶಿಕ್ಷಕರೂ ದಾದಿಯರೂ ಸಹಕಾರ್ಯಕರ್ತರಾಗಿ ಹೋಗುತ್ತಾರೆ. ಕೆಲವರು ಮಡದಿಮಕ್ಕಳೊಡನೆ ಹೋಗುತ್ತಾರೆ. ಹೋದವರು ಅವಧಿ ಮುಗಿದ ಮೇಲೆ ಹಿಂದಿರುಗಲೇಬೇಕು.

ಅಂಥ ಒಂದು ಕುಟುಂಬವನ್ನು ಮನಸ್ಸಿಗೆ ತಂದುಕೊಳ್ಳಿ. ತಂದೆ ಸಭಾಪಾಲಕ, ತಾಯಿ ಶಿಕ್ಷಕಿ. ಹೊರಡುವಾಗ ಮಗಳಿಗೆ ಎಂಟು, ಮಗನಿಗೆ ಮೂರು. ದಕ್ಷಿಣ ಜರ್ಮನಿಯ ಒಂದು ಸಭೆಯಲ್ಲಿ ನಾಲ್ಕು ವರ್ಷಗಳ ಸೇವೆ. ಬೀಳ್ಕೊಡುವ ಭಾನುವಾರ ದೇವಾಲಯ ಕಿಕ್ಕಿರಿದಿರುತ್ತದೆ. ಅಯ್ಯನವರಿಗೆ ಶಾಲು, ಹಾರ, ಹಣ್ಣಿನ ಬುಟ್ಟಿ. ಅಮ್ಮನವರಿಗೆ ಸ್ತ್ರೀಯರ ಅನ್ಯೋನ್ಯ ಕೂಟದಿಂದ ಸೀರೆ. ಮಕ್ಕಳಿಗೆ ಭಾನುವಾರ ಶಾಲೆಯಿಂದ ಬೈಬಲ್. ಗಾಯಕ ಮಂಡಳಿಯ ವಿಶೇಷ ಗೀತೆ, ಎಲ್ಲರೂ ನಿಂತು ಪ್ರಾರ್ಥನೆ, ಬಳಿಕ ಗುಂಪು ಭಾವಚಿತ್ರ. ವಿಮಾನ ನಿಲ್ದಾಣಕ್ಕೆ ಎರಡು ವ್ಯಾನುಗಳ ತುಂಬ ಜನ.

ನಾಲ್ಕು ವರ್ಷಗಳ ಮೇಲೆ ಅದೇ ನಿಲ್ದಾಣದಲ್ಲಿ ಅವರು ಬಂದಿಳಿದಾಗ, ತಾಯಿಯ ತಮ್ಮನೊಬ್ಬನೇ ಬಾಡಿಗೆ ಕಾರಿನೊಂದಿಗೆ ನಿಂತಿರುತ್ತಾನೆ. ಮರು ಭಾನುವಾರ ಪ್ರಕಟಣೆಗಳ ನಡುವೆ, ಬೆಳೆಹಬ್ಬದ ಏಲಂ ಬಾಕಿಗೂ ಯುವಜನ ಕೂಟದ ಕ್ರಿಕೆಟ್ ಪಂದ್ಯಕ್ಕೂ ಮಧ್ಯೆ, ಅವರ ಹೆಸರನ್ನು ಓದಲಾಗುತ್ತದೆ. ಎರಡು ಮಾತಾಡಲು ಐದು ನಿಮಿಷ. ಅದರಲ್ಲಿ ಎರಡು ನಿಮಿಷ ಮೈಕು ಸರಿಪಡಿಸಲು. ಆರಾಧನೆ ಮುಗಿದು ಹೊರಬಂದಾಗ ದೇವಾಲಯದ ಮೆಟ್ಟಿಲಲ್ಲಿ ಪ್ರಶ್ನೆಗಳು. "ಅಯ್ಯನವರೇ, ಎಷ್ಟು ಉಳಿಸಿದಿರಿ?" "ಇನ್ನೊಂದು ಅವಧಿಗೆ ಅಲ್ಲಿಯೇ ಇರಬಹುದಿತ್ತಲ್ಲ?" "ನಮ್ಮ ಹುಡುಗನಿಗೆ ಅಲ್ಲಿ ಏನಾದರೂ ದಾರಿ ಇದೆಯೇ?" ದೇವರು ಅಲ್ಲಿ ನಿಮ್ಮ ಮೂಲಕ ಏನು ಮಾಡಿದನು ಎಂದು ಕೇಳುವವರು ಒಬ್ಬರಾದರೂ ಇದ್ದರೆ ಅದು ಆ ಕುಟುಂಬದ ಭಾಗ್ಯ.

ಮನೆಗೆ ಬಂದ ಮೇಲಿನ ಸಂಗತಿಯನ್ನಂತೂ ನಾವು ಯೋಚಿಸುವುದೇ ಇಲ್ಲ. ಅವರು ದೂರದಲ್ಲಿದ್ದಾಗ ಅಜ್ಜಿ ತೀರಿಕೊಂಡಿದ್ದಾರೆ. ಸಮಾಧಿ ಸಂಸ್ಕಾರವನ್ನು ಅವರು ಕಂಡದ್ದು ಅಂಗೈಯಗಲದ ದೂರವಾಣಿಯ ಪರದೆಯಲ್ಲಿ. ಸಭೆಗೆ ಅದು ಮೂರು ವರ್ಷಗಳ ಹಿಂದಿನ ಸಾವು. ಕಲ್ಲು ಹಾಕಿಸಿ, ವಾರ್ಷಿಕ ಪ್ರಾರ್ಥನೆಗಳನ್ನೂ ಮುಗಿಸಿ ಆಗಿದೆ. ಅಜ್ಜಿಯ ಬರಿದಾದ ಕೋಣೆಯ ಬಾಗಿಲನ್ನು ಮೊದಲ ಬಾರಿಗೆ ತೆರೆಯುವ ಮಗನಿಗೂ ಸೊಸೆಗೂ ಮೊಮ್ಮಗಳಿಗೂ ಅದು ನಿನ್ನೆಯ ಸಾವು. ಸಾಂತ್ವನ ಹೇಳುವವರೆಲ್ಲ ಹೇಳಿ ಮುಗಿಸಿದ ಮೇಲೆ ಅವರ ಅಳು ಆರಂಭವಾಗುತ್ತದೆ. ಆ ವಾರ ಅವರ ಮನೆಯಲ್ಲಿ ಒಂದು ಪ್ರಾರ್ಥನಾಕೂಟ ನಡೆಸಬೇಕೆಂದು ಎಷ್ಟು ಸಭಾ ಪರಿಪಾಲನಾ ಸಮಿತಿಗಳಿಗೆ ತೋಚುತ್ತದೆ?

ಹಿಂದಿರುಗದ ಮಕ್ಕಳು

ಹಿರಿಯರಿಗಿಂತ ಹೆಚ್ಚು ಪೆಟ್ಟು ಬೀಳುವುದು ಮಕ್ಕಳಿಗೆ. 'ಕುಟುಂಬ ಹಿಂದಿರುಗಿತು' ಎಂದು ನಾವು ಹೇಳುತ್ತೇವೆ. ಆ ಮಾತು ತಂದೆತಾಯಿಯರಿಗೆ ಮಾತ್ರ ಸಲ್ಲುತ್ತದೆ. ಮೂರನೆಯ ವಯಸ್ಸಿನಲ್ಲಿ ಹೋಗಿ ಏಳನೆಯ ವಯಸ್ಸಿನಲ್ಲಿ ಬಂದ ಹುಡುಗ ಎಲ್ಲಿಗೂ ಹಿಂದಿರುಗಿಲ್ಲ. ಅವನಿಗೆ ನೆನಪಿರುವ ಮನೆ ಅಲ್ಲಿಯದು. ಅವನ ಗೆಳೆಯರು ಅಲ್ಲಿಯವರು. ತಾನಾಗಿ ನಡೆದು ಹೋಗುತ್ತಿದ್ದ ಶಾಲೆಯ ಹಾದಿ ಅಲ್ಲಿಯದು. ತಂದೆತಾಯಿಯರು ಮನೆಗೆ ಬಂದಿದ್ದಾರೆ. ಅವನು ಮನೆ ಬಿಟ್ಟು ಬಂದಿದ್ದಾನೆ. ಒಂದೇ ಕಾರಿನಲ್ಲಿ ಕುಳಿತ ನಾಲ್ವರಲ್ಲಿ ಇಬ್ಬರು ಬರುತ್ತಿದ್ದಾರೆ, ಒಬ್ಬ ಹೋಗುತ್ತಿದ್ದಾನೆ, ಹನ್ನೆರಡರ ಹುಡುಗಿ ಎರಡರ ನಡುವೆ ಸಿಕ್ಕಿಕೊಂಡಿದ್ದಾಳೆ.

ಅವಳ ಪಾಡನ್ನೂ ನೋಡಿ. ದಕ್ಷಿಣ ಜರ್ಮನಿಯ ಬಾಡೆನ್-ವ್ಯುರ್ಟೆಂಬರ್ಗಿನಲ್ಲಿ ಶಾಲಾವರ್ಷ ಮುಗಿಯುವುದು ಜುಲೈ ಕೊನೆಯಲ್ಲಿ. ನಮ್ಮಲ್ಲಿ ತರಗತಿಗಳು ಜೂನ್ ಹೊತ್ತಿಗೇ ಆರಂಭವಾಗಿರುತ್ತವೆ. ಎರಡು ತಿಂಗಳ ಪಾಠ ತಪ್ಪಿದ ಮೇಲೆ ಪ್ರವೇಶಕ್ಕಾಗಿ ಶಾಲೆಯಿಂದ ಶಾಲೆಗೆ ಅಲೆದಾಟ. ನಮ್ಮ ರಾಜ್ಯದಲ್ಲಿ 2015ರ ಕನ್ನಡ ಭಾಷಾ ಕಲಿಕೆ ಅಧಿನಿಯಮ ಬಂದ ಮೇಲೆ ಕನ್ನಡವು ಪ್ರಥಮ ಇಲ್ಲವೇ ದ್ವಿತೀಯ ಭಾಷೆಯಾಗಿ ಶಾಲೆಗಳಲ್ಲಿ ಕಲಿಯಬೇಕಾದ ವಿಷಯ. ಅದು ನ್ಯಾಯವೇ, ತಾಯ್ನುಡಿ ಆ ಮಗುವಿನ ಹಕ್ಕು. ಆದರೆ ನಾಲ್ಕು ವರ್ಷ ಬೇರೊಂದು ಲಿಪಿಯಲ್ಲಿ ಬರೆದ ಮಗು ಒತ್ತಕ್ಷರದ ಮುಂದೆ ತಡವರಿಸಿದಾಗ ಅವಳ ಪಕ್ಕದಲ್ಲಿ ಕುಳಿತು ಕಲಿಸಬೇಕಾದವರು ನಾವಲ್ಲವೇ? ಭಾನುವಾರ ಶಾಲೆಯಲ್ಲಿ ಅವಳಿಂದ ವಚನ ಓದಿಸಿ, ಉಚ್ಚಾರ ತಪ್ಪಿದಾಗ ನಗುವ ಮಕ್ಕಳು ನಮ್ಮವರೇ. ಅವರನ್ನು ತಡೆಯದೆ ತಾವೂ ಮುಗುಳ್ನಗುವ ಹಿರಿಯರೂ ನಮ್ಮವರೇ. ಇನ್ನು ಕೆಲವು ತಿಂಗಳಲ್ಲಿ ಆ ಹುಡುಗಿ ಭಾನುವಾರ ಶಾಲೆಗೆ ಬರಲು ಒಲ್ಲೆನೆಂದರೆ, 'ಪರದೇಶಕ್ಕೆ ಹೋಗಿ ಕೆಟ್ಟಳು' ಎಂದು ನಾವು ತೀರ್ಪು ಕೊಡುತ್ತೇವೆ.

ಈ ನೋವು ಹೊಸದಲ್ಲ. ನಮ್ಮ ಮಿಶನ್ ಚರಿತ್ರೆಯ ಬುಡದಲ್ಲಿಯೇ ಇದೆ. ಮಲಯಾಳ ನಿಘಂಟಿನ ಕರ್ತೃ ಹೆರ್ಮನ್ ಗುಂಡರ್ಟರ ಮಗಳು ಮರಿಯ 1842ರಲ್ಲಿ ತಲಶ್ಶೇರಿಯಲ್ಲಿ ಹುಟ್ಟಿದಳು. ಎಳೆಯ ಮಗುವಾಗಿದ್ದಾಗಲೇ ತಂದೆತಾಯಿಯರು ಆಕೆಯನ್ನು ಯೂರೋಪಿನಲ್ಲಿ ಬಿಟ್ಟು ಸೇವೆಗೆ ಮರಳಿದರು. ಆಕೆ ಮತ್ತೆ ಅವರನ್ನು ಸೇರಿದ್ದು 1857ರಲ್ಲಿ, ಹದಿನೈದರ ಹೊಸ್ತಿಲಿನಲ್ಲಿ. ಹೆತ್ತವರ ಮುಖವನ್ನೇ ಹೊಸದಾಗಿ ಪರಿಚಯ ಮಾಡಿಕೊಳ್ಳಬೇಕಾದ ಮಗಳಿಗೆ ಯಾವುದು ಮನೆ, ಯಾವುದು ಪರದೇಶ? ಈಕೆ ಮುಂದೆ, ಮಂಗಳೂರಿನಲ್ಲಿ ಸೇವೆ ಮಾಡಿದ ಯೋಹಾನ್ನೆಸ್ ಹೆಸ್ಸೆಯವರನ್ನು ವಿವಾಹವಾದರು. ಅವರ ಮಗನೇ ಪ್ರಸಿದ್ಧ ಸಾಹಿತಿ ಹೆರ್ಮನ್ ಹೆಸ್ಸೆ. ಮಿಶನರಿಗಳ ಮಕ್ಕಳಿಗಾಗಿಯೇ ಬಾಸೆಲ್‌ನಲ್ಲಿ ವಸತಿಗೃಹಗಳಿದ್ದವು. ನಮ್ಮ ಶಾಲೆಗಳೂ ಮುದ್ರಣಾಲಯವೂ ಹೆಂಚಿನ ಕಾರ್ಖಾನೆಗಳೂ ಎದ್ದ ಕಾಲದಲ್ಲಿ, ಆ ಸೇವೆಯ ಬೆಲೆಯ ಒಂದು ಪಾಲನ್ನು ತೆತ್ತವರು ಆ ಮಕ್ಕಳು. ಅವರ ಒಪ್ಪಿಗೆಯನ್ನು ಯಾರೂ ಕೇಳಿರಲಿಲ್ಲ.

1950ರ ದಶಕದಲ್ಲಿ ಅಮೆರಿಕದ ಸಮಾಜಶಾಸ್ತ್ರಜ್ಞೆ ರೂತ್ ಹಿಲ್ ಯೂಸೀಮ್ ತಮ್ಮ ಪತಿಯೊಂದಿಗೆ ಭಾರತಕ್ಕೆ ಬಂದು, ಇಲ್ಲಿ ದುಡಿಯುತ್ತಿದ್ದ ಅಮೆರಿಕದ ಕುಟುಂಬಗಳನ್ನು ಅಧ್ಯಯನ ಮಾಡಿದರು. ಅಂಥ ಮಕ್ಕಳು ಹೆತ್ತವರ ಸಂಸ್ಕೃತಿಗೂ ಪೂರ್ತಿ ಸೇರದೆ, ಬೆಳೆದ ನಾಡಿನ ಸಂಸ್ಕೃತಿಗೂ ಪೂರ್ತಿ ಸೇರದೆ, ಎರಡರ ನಡುವೆ ತಮ್ಮದೇ ಒಂದು ನೆಲೆಯನ್ನು ಕಟ್ಟಿಕೊಳ್ಳುವುದನ್ನು ಗುರುತಿಸಿ, ಅವರನ್ನು 'ಮೂರನೆಯ ಸಂಸ್ಕೃತಿಯ ಮಕ್ಕಳು' ಎಂದು ಕರೆದರು. ನಮ್ಮ ನೆಲದಲ್ಲಿ ನಿಂತು ಕಂಡುಕೊಂಡ ಈ ತಿಳಿವಳಿಕೆ ನಮ್ಮ ಸಭೆಗಳನ್ನು ಇನ್ನೂ ತಲಪಿಲ್ಲ.

ಆಕ್ಷೇಪಣೆಗಳಿಗೆ ಉತ್ತರ

ಇಷ್ಟು ಹೇಳಿದೊಡನೆ ಆಕ್ಷೇಪಣೆಗಳು ಏಳುತ್ತವೆ. ಅವುಗಳನ್ನು ಒಂದೊಂದಾಗಿ ಎದುರಿಸೋಣ.

'ಅವರು ಪರದೇಶದಲ್ಲಿ ಸುಖವಾಗಿದ್ದು ಬಂದವರು, ಮರುಕವೇಕೆ?' ಎನ್ನುವವರಿದ್ದಾರೆ. ಮರುಕವನ್ನು ಯಾರೂ ಬೇಡಿಲ್ಲ. ಕುಟುಂಬದ ಬೇರನ್ನು ಕಿತ್ತು ನೆಟ್ಟು, ಮತ್ತೆ ಕಿತ್ತು ನೆಟ್ಟವರು ನಾವು. ಎರಡನೆಯ ಬಾರಿ ನೆಟ್ಟಾಗ ನೀರೆರೆಯಿರಿ ಎನ್ನುವುದು ಮರುಕದ ಬೇಡಿಕೆಯಲ್ಲ, ನೆಟ್ಟವರ ಕರ್ತವ್ಯದ ಜ್ಞಾಪನೆ.

'ಸೇವೆ ಮಾಡಿದ್ದು ದೇವರಿಗೆ. ಮನುಷ್ಯರಿಂದ ಸನ್ಮಾನ ನಿರೀಕ್ಷಿಸುವುದು ಅಹಂಕಾರ' ಎಂಬುದು ಭಕ್ತಿಯ ವೇಷದ ಆಕ್ಷೇಪಣೆ. ಹನ್ನೆರಡು ಮಂದಿ ಶಿಷ್ಯರು ಸೇವೆಯಿಂದ ಹಿಂದಿರುಗಿ ತಾವು ಮಾಡಿದ್ದನ್ನೂ ಕಲಿಸಿದ್ದನ್ನೂ ವರದಿಮಾಡಿದಾಗ ಕರ್ತನಾದ ಯೇಸು ಅವರನ್ನು ಅಹಂಕಾರಿಗಳೆಂದು ಗದರಲಿಲ್ಲ. ಅವರಿಗೆ ಊಟಮಾಡಲೂ ಪುರಸೊತ್ತಿಲ್ಲದ್ದನ್ನು ಕಂಡು, ಏಕಾಂತ ಸ್ಥಳಕ್ಕೆ ಬಂದು ದಣಿವಾರಿಸಿಕೊಳ್ಳಿರೆಂದು ಕರೆದುಕೊಂಡು ಹೋದನು (ಮಾರ್ಕ 6). ನಮ್ಮಲ್ಲಿ ನಡೆಯುವುದು ತಿರುವು ಮುರುವು. ಬಂದ ಹದಿನೈದು ದಿನಗಳಲ್ಲಿ ವರ್ಗಾವಣೆಯ ಆದೇಶ. ಸೂಟ್‌ಕೇಸು ಬಿಚ್ಚುವ ಮೊದಲೇ ಸಭೆಯ ಲೆಕ್ಕಪತ್ರ, ಶಾಲೆಯ ಜಗಳ, ಗೋಡೆಯ ಸುಣ್ಣ. ಸನ್ಮಾನದ ಶಾಲು ಬೇಡ. ಕರ್ತನು ಶಿಷ್ಯರಿಗೆ ಕೊಟ್ಟ ವಿಶ್ರಾಂತಿಯಾದರೂ ಬೇಡವೇ?

'ಸ್ವಂತ ಮನೆಗೆ ಬಂದವರನ್ನು ಸ್ವಾಗತಿಸುವುದೇಕೆ, ಅವರೇನು ಅತಿಥಿಗಳೇ?' ಎಂಬುದು ಮೂರನೆಯದು. ಹತ್ತು ವರ್ಷಗಳ ಬಳಿಕ ನೊವೊಮಿ ಮೋವಾಬಿನಿಂದ ತನ್ನ ಸ್ವಂತ ಊರಾದ ಬೇತ್ಲೆಹೇಮಿಗೆ ಬಂದಾಗ, ಊರಿನ ಸ್ತ್ರೀಯರು ಇವಳು ನೊವೊಮಿಯೋ ಎಂದು ಬೆರಗಾದರು. ಗುರುತೇ ಸಿಗದಷ್ಟು ಬದಲಾಗಿದ್ದಳು. ತಾನು ತುಂಬಿದವಳಾಗಿ ಹೋಗಿ ಬರಿದಾಗಿ ಬಂದೆನೆಂದೂ, ತನ್ನನ್ನು ಮಾರಾ ಎಂದು ಕರೆಯಿರೆಂದೂ ಅವಳು ಕಹಿಯಾಗಿ ನುಡಿದಳು. ಆ ಸ್ತ್ರೀಯರು ಅವಳಿಗೆ ಬುದ್ಧಿ ಹೇಳಿದರೆಂದು ಎಲ್ಲಿಯೂ ಬರೆದಿಲ್ಲ. ಅದೇ ನೆರೆಹೊರೆಯ ಸ್ತ್ರೀಯರು ಪುಸ್ತಕದ ಕೊನೆಯಲ್ಲಿ ಓಬೇದನನ್ನು ಅವಳ ಮಡಿಲಲ್ಲಿ ಕಂಡು ದೇವರನ್ನು ಕೊಂಡಾಡಿದರು. ಕಹಿಮಾತನ್ನು ಕೇಳಿಸಿಕೊಂಡವರಿಗೇ ಆ ಸಂತೋಷದಲ್ಲಿ ಪಾಲು ದೊರೆಯಿತು. ನಾವೋ, ಹಿಂದಿರುಗಿದವರು 'ಯಾಕೋ ಮನಸ್ಸು ಇಲ್ಲಿ ನಿಲ್ಲುತ್ತಿಲ್ಲ' ಎಂದರೆ ಸಾಕು, ವಿಶ್ವಾಸ ಕಡಿಮೆಯಾಯಿತೆಂದು ಪ್ರಾರ್ಥನಾ ವಿಷಯಗಳ ಪಟ್ಟಿಗೆ ಸೇರಿಸುತ್ತೇವೆ.

ಇನ್ನು ನಾಲ್ಕನೆಯದು, 'ಅವರಿಗೆ ಗರ್ವ ಬಂದಿದೆ. ಸೆಕೆ ಎನ್ನುತ್ತಾರೆ, ಗದ್ದಲ ಎನ್ನುತ್ತಾರೆ, ಆರಾಧನೆ ತಡವಾಗಿ ಆರಂಭವಾಯಿತು ಎನ್ನುತ್ತಾರೆ.' ಕೆಲವರಲ್ಲಿ ಇದು ನಿಜ, ಅದನ್ನು ಮುಚ್ಚಿಡಬೇಕಾಗಿಲ್ಲ. ಹಿಂದಿರುಗುವ ಕುಟುಂಬಕ್ಕೂ ಒಂದು ಮಾತು ಹೇಳಲೇಬೇಕು. ಅಲ್ಲಿಯ ಅಳತೆಗೋಲಿನಿಂದ ಇಲ್ಲಿಯ ಸಭೆಯನ್ನು ದಿನವೂ ಅಳೆಯಬೇಡಿ. ನೀವಿಲ್ಲದ ನಾಲ್ಕು ವರ್ಷಗಳಲ್ಲಿ ಈ ಸಭೆಯೂ ಹೂಣಿದೆ, ಮದುವೆಮಾಡಿದೆ, ಸಾಲ ತೀರಿಸಿದೆ. ನಿಮ್ಮ ಕಥೆ ಹೇಳುವ ಮುನ್ನ ಅದರ ಕಥೆಯನ್ನೂ ಕೇಳಿ. ಆದರೆ ಗೊಣಗಾಟವೆಲ್ಲ ಗರ್ವವಲ್ಲ ಎಂಬುದನ್ನು ಸಭೆಯೂ ತಿಳಿಯಲಿ. ಹೇಳಬೇಕಾದ ದೊಡ್ಡ ಮಾತಿಗೆ ಕಿವಿ ಸಿಗದಿದ್ದಾಗ ಮನುಷ್ಯ ಸೆಕೆಯ ಬಗ್ಗೆ ಗೊಣಗುತ್ತಾನೆ.

ಅರ್ಧದಲ್ಲಿ ಬಂದವರು

ಇನ್ನೊಂದು ಬಗೆಯ ಕುಟುಂಬವಿದೆ. ಅದರ ಪಾಡು ಇನ್ನೂ ಕಠಿಣ. ಅವಧಿ ಮುಗಿಯುವ ಮುನ್ನವೇ ಹಿಂದಿರುಗಿದವರು: ತಾಯಿಗೆ ಕಾಯಿಲೆಯಾಗಿಯೋ, ಮಗು ಹೊಂದಿಕೊಳ್ಳಲಾಗದೆಯೋ, ಚಳಿಗಾಲದ ಕತ್ತಲೆಯಲ್ಲಿ ಮನಸ್ಸು ಕುಗ್ಗಿಯೋ ಬಂದವರು. ಇವರಿಗೆ ಐದು ನಿಮಿಷಗಳ ಮೈಕೂ ಇಲ್ಲ. ಇವರಿಗಿರುವುದು ಪಿಸುಮಾತು.

ಮಾರ್ಕನೆಂಬ ಯೋಹಾನನು ಪೌಲನ ಮೊದಲನೆಯ ಪ್ರಯಾಣದಲ್ಲಿ ಅರ್ಧದಿಂದಲೇ ಯೆರೂಸಲೇಮಿಗೆ ಮರಳಿದನು. ಕಾರಣವನ್ನು ಲೂಕನು ಹೇಳುವುದಿಲ್ಲ. ಆ ಮೌನದಲ್ಲಿಯೂ ಒಂದು ಮರ್ಯಾದೆಯಿದೆ. ಎರಡನೆಯ ಪ್ರಯಾಣಕ್ಕೆ ಅವನನ್ನು ಕರೆದುಕೊಳ್ಳಲು ಪೌಲನು ಒಪ್ಪಲಿಲ್ಲ, ಬಾರ್ನಬನು ಬಿಡಲಿಲ್ಲ. ತೀಕ್ಷ್ಣವಾದ ವಾಗ್ವಾದವಾಗಿ ಇಬ್ಬರು ಮಹಾಸೇವಕರು ಅಗಲಿದರು. ಬಾರ್ನಬನು ಆ ಯುವಕನನ್ನು ಸಂಗಡ ಕರೆದುಕೊಂಡು ಸೈಪ್ರಸ್ ದ್ವೀಪಕ್ಕೆ ಹೊರಟನು. ವರ್ಷಗಳ ಮೇಲೆ ಅದೇ ಪೌಲನು ತಿಮೊಥೆಯನಿಗೆ ಬರೆದ ಎರಡನೆಯ ಪತ್ರಿಕೆಯಲ್ಲಿ, ಮಾರ್ಕನು ತನ್ನ ಸೇವೆಗೆ ಉಪಯುಕ್ತನಾಗಿದ್ದಾನೆಂದೂ ಅವನನ್ನು ಕರೆತರಬೇಕೆಂದೂ ಕೇಳಿಕೊಳ್ಳುತ್ತಾನೆ. ಎರಡನೆಯ ಸುವಾರ್ತೆಯನ್ನು ಬರೆದವನು ಇವನೇ ಎಂಬುದು ಸಭೆಯ ಪರಂಪರೆ. ಅರ್ಧದಲ್ಲಿ ಬಂದವನನ್ನು ಕೈಬಿಡದ ಒಬ್ಬ ಬಾರ್ನಬನಿದ್ದುದರಿಂದ ಇಷ್ಟಾಯಿತು. ನಮ್ಮ ಸಭೆಗಳಲ್ಲಿ ಪೌಲನ ಕೋಪವುಳ್ಳವರಿಗೆ ಕೊರತೆಯಿಲ್ಲ. ಬಾರ್ನಬನ ಹಟವುಳ್ಳವರು ಎಲ್ಲಿದ್ದಾರೆ?

ನಷ್ಟ ಯಾರದು?

ಹಿಂದಿರುಗಿದವರನ್ನು ಕಡೆಗಣಿಸಿದರೆ ನಷ್ಟವಾಗುವುದು ಅವರಿಗೆ ಮಾತ್ರವೆಂದು ತಿಳಿಯಬೇಡಿ. ಅಂತಿಯೋಕ್ಯಕ್ಕೆ ಮರಳಿದ ಪೌಲ ಬಾರ್ನಬರು ತಂದ ವರ್ತಮಾನ ಅಲ್ಲಿಗೇ ನಿಲ್ಲಲಿಲ್ಲ. 15ನೆಯ ಅಧ್ಯಾಯದಲ್ಲಿ ಯೆರೂಸಲೇಮಿನ ಸಭಾಕೂಟವು ಮೌನವಾಗಿ ಕುಳಿತು ಅವರಿಗೆ ಕಿವಿಗೊಟ್ಟಿತು. ಅನ್ಯಜನರು ಸುನ್ನತಿಯಿಲ್ಲದೆಯೇ ಸಭೆಗೆ ಸೇರಬಹುದೆಂಬ ನಿರ್ಣಯ ಹುಟ್ಟಿದ್ದು ಆ ಕೂಟದಲ್ಲಿ. ನೀವೂ ನಾನೂ ಇಂದು ಕ್ರೈಸ್ತರಾಗಿ ಕನ್ನಡದಲ್ಲಿ ಪ್ರಾರ್ಥಿಸುತ್ತಿರುವುದಕ್ಕೆ ಅಂದು ಒಂದು ಸಭೆ ಹಿಂದಿರುಗಿದವರ ಮಾತನ್ನು ಕೇಳಿಸಿಕೊಂಡದ್ದೂ ಒಂದು ಕಾರಣ.

ನಮ್ಮ ಚರಿತ್ರೆಯಲ್ಲಿಯೂ ಇದಕ್ಕೆ ನಿದರ್ಶನವಿದೆ. ಮಂಗಳೂರಿನ ಆನಂದರಾವ್ ಕೌಂಡಿನ್ಯರು 1844ರಲ್ಲಿ ದೀಕ್ಷಾಸ್ನಾನ ಹೊಂದಿ, ಬಾಸೆಲ್‌ಗೆ ಹೋಗಿ ದೈವಶಾಸ್ತ್ರ ಕಲಿತು, 1851ರಲ್ಲಿ ಬೋಧಕರಾಗಿ ಹಿಂದಿರುಗಿದರು. ಅವರು ಕಲಿತದ್ದನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಲಿಲ್ಲ. ಮಂಗಳೂರಿನ ದೈವಶಾಸ್ತ್ರ ಶಾಲೆಯಲ್ಲಿ ಮುಂದಿನ ಬೋಧಕರನ್ನು ತಯಾರಿಸುವ ಕೆಲಸಕ್ಕೆ ಅವರು ಸಂದರು.

ಈಗ ಹಿಂದಿರುಗುವವರು ಏನನ್ನು ಹೊತ್ತು ತರುತ್ತಾರೆ? ಸದಸ್ಯರ ಚರ್ಚ್ ತೆರಿಗೆಯನ್ನು ಸರಕಾರವೇ ಸಂಗ್ರಹಿಸಿ ಸಭೆಗೆ ಒಪ್ಪಿಸುವ ದೇಶದಲ್ಲಿ, ಹಣಕ್ಕೆ ಕೊರತೆಯಿಲ್ಲದ ಭವ್ಯ ದೇವಾಲಯಗಳಲ್ಲಿ ಭಾನುವಾರ ಪೀಠಗಳು ಬರಿದಾಗಿರುವುದನ್ನು ಅವರು ಕಣ್ಣಾರೆ ಕಂಡಿದ್ದಾರೆ. ಕಟ್ಟಡ ಕಟ್ಟುವುದೇ ಸಭೆ ಕಟ್ಟುವುದೆಂದು ಭ್ರಮಿಸಿರುವ ನಮಗೆ ಇದಕ್ಕಿಂತ ಬೇಕಾದ ಸಾಕ್ಷಿ ಯಾವುದು? ಅದೇ ದೇಶದಲ್ಲಿ ಭಾನುವಾರ ಅಂಗಡಿಗಳು ಮುಚ್ಚಿರುವುದನ್ನೂ, ಹತ್ತೇ ಜನರಿದ್ದರೂ ಗಳಿಗೆ ತಪ್ಪದೆ ಆರಾಧನೆ ನಡೆಯುವುದನ್ನೂ ಅವರು ಕಂಡಿದ್ದಾರೆ. ಆ ತಾಯಿ ಅಲ್ಲಿ ಒಂಟಿಯಾದ ವೃದ್ಧರ ಮನೆಗಳಿಗೆ ಹೋಗಿ ಕುಳಿತು ಬಂದವಳು. ಮಕ್ಕಳು ಪರದೇಶ ಸೇರಿ, ಮುದುಕ ತಂದೆತಾಯಿಯರು ಒಂಟಿಯಾಗಿ ಉಳಿದ ಮನೆಗಳು ನಮ್ಮ ಕರಾವಳಿಯಲ್ಲಿಯೂ ಇವೆ. ಅವಳಿಗೆ ಗೊತ್ತಿರುವ ಈ ಕೆಲಸವನ್ನು ಅವಳಿಂದ ಕಲಿಯುವ ಬದಲು, ನಾವು ಅವಳಿಗೆ ಸ್ತ್ರೀಯರ ಕೂಟದಲ್ಲಿ ಚಹಾದ ಉಸ್ತುವಾರಿಯನ್ನು ವಹಿಸುತ್ತೇವೆ.

ಮಾಡಬೇಕಾದುದೇನು?

ದೂರಿ ಸುಮ್ಮನಾಗುವುದು ಈ ಲೇಖನದ ಉದ್ದೇಶವಲ್ಲ. ಸಭಾಪ್ರಾಂತದ ಹಿರಿಯರಲ್ಲಿ ಮೊದಲ ಬೇಡಿಕೆ: ಕಳುಹಿಸುವ ದಿನವೇ ಬರಮಾಡಿಕೊಳ್ಳುವ ಯೋಜನೆಯನ್ನೂ ಬರೆದಿಡಿ. ಹಿಂದಿರುಗುವ ತಿಂಗಳು ಮಕ್ಕಳ ಶಾಲಾವರ್ಷಕ್ಕೆ ಹೊಂದುವಂತಿರಲಿ. ವಾಸಕ್ಕೆ ಮನೆಯೊಂದು ಸಿದ್ಧವಿರಲಿ. ಮೂರು ತಿಂಗಳು ಯಾವ ಹೊಣೆಯನ್ನೂ ಹೊರಿಸಬೇಡಿ. ಆ ಅವಧಿಯ ವೇತನವನ್ನು ತಡೆಯಲೂ ಬೇಡಿ. ನಮ್ಮ ಪ್ರಾಂತದ ಶಾಲೆಗಳು ಈ ಮಕ್ಕಳಿಗೆ ವರ್ಷದ ನಡುವೆಯೂ ಬಾಗಿಲು ತೆರೆಯಲಿ.

ಸಭೆಗಳಲ್ಲಿ ಎರಡನೆಯ ಬೇಡಿಕೆ: ಐದು ನಿಮಿಷಗಳ ಸಾಕ್ಷಿಯನ್ನು ಕೈಬಿಡಿ. ಒಂದು ಸಂಜೆಯನ್ನು ಪೂರ್ತಿ ಮೀಸಲಿಡಿ. ತಂದೆಯೊಬ್ಬನೇ ಅಲ್ಲ, ತಾಯಿಯೂ ಮಾತಾಡಲಿ. ಮಕ್ಕಳೂ ಇಷ್ಟವಿದ್ದರೆ ಮಾತಾಡಲಿ, ಅವರ ಕನ್ನಡ ಹೇಗಿದ್ದರೂ ಸರಿ. ಸೋಲನ್ನೂ ಹೇಳಲು ಅವರಿಗೆ ಸ್ವಾತಂತ್ರ್ಯವಿರಲಿ.

ಮೂರನೆಯದು ಪ್ರಿಯ ಓದುಗರೇ, ನಿಮ್ಮ ಮನೆಗೆ ಸೇರಿದ್ದು. ಇದಕ್ಕೆ ಸಮಿತಿಯ ನಿರ್ಣಯ ಬೇಡ, ಬಜೆಟ್ಟೂ ಬೇಡ. ಆ ಕುಟುಂಬವನ್ನು ಒಂದು ದಿನ ಊಟಕ್ಕೆ ಕರೆಯಿರಿ. ಎಷ್ಟು ಉಳಿಸಿದಿರಿ ಎಂದು ಕೇಳಬೇಡಿ. ಅಲ್ಲಿ ಯಾರನ್ನು ಬಿಟ್ಟು ಬಂದಿರಿ ಎಂದು ಕೇಳಿ. ನಿಮ್ಮ ಮಗಳನ್ನು ಅವರ ಮಗಳ ಪಕ್ಕದಲ್ಲಿ ಕೂರಿಸಿ ಕನ್ನಡದ ಪಾಠ ಓದಿಸಿ. ಅವರ ಅಜ್ಜಿಯ ಸಮಾಧಿಗೆ ಅವರೊಂದಿಗೆ ಹೋಗಿ ನಿಲ್ಲಿ. ಮೊದಲ ವಾರ ಮಾಡಿ ಮರೆಯಬೇಡಿ. ಮೊದಲ ವಾರ ಎಲ್ಲರೂ ಬರುತ್ತಾರೆ. ಆರನೆಯ ತಿಂಗಳಲ್ಲಿ ಬಾಗಿಲು ತಟ್ಟುವವರು ಬೇಕು.

ಬರುವ ಮಿಶನ್ ಭಾನುವಾರ ನಿಮ್ಮ ದೇವಾಲಯದಲ್ಲಿಯೂ 13ನೆಯ ಅಧ್ಯಾಯವನ್ನು ಓದುತ್ತಾರೆ. ಆರಾಧನೆ ಮುಗಿದ ಮೇಲೆ ನಿಮ್ಮ ಸಭಾಪಾಲಕರ ಬಳಿಗೆ ಹೋಗಿ, 'ಅಯ್ಯನವರೇ, 14ನೆಯ ಅಧ್ಯಾಯದ ಕೊನೆಯನ್ನು ಯಾವಾಗ ಓದೋಣ?' ಎಂದು ವಿನಯದಿಂದ ಕೇಳಿ. ಉತ್ತರ ಸಿಗುವ ತನಕ ಪ್ರತಿ ವರ್ಷವೂ ಕೇಳಿ.